ದೆಹಲಿಯ ಮುನಿಸು, ಮಲೆನಾಡಿಗೆ ಮುನ್ನೆಚ್ಚರಿಕೆ

ಎರಡು ದೇಶಗಳ ಸಂಬಂಧ ಹಳಸಿದಾಗ ಮೊದಲ ಏಟು ಬೀಳುವುದು ರಾಜತಾಂತ್ರಿಕರಿಗೆ. ಅವರು ನಮ್ಮ ಒಬ್ಬ ಅಧಿಕಾರಿಯನ್ನು ಹೊರಗೆ ಕಳಿಸಿದರೆ ನಾವೂ ಅವರ ಒಬ್ಬರನ್ನು ಕಳಿಸುತ್ತೇವೆ. ಅವರು ನಮ್ಮವರ ಓಡಾಟಕ್ಕೆ ಮಿತಿ ಹಾಕಿದರೆ ನಾವೂ ಹಾಕುತ್ತೇವೆ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುವ ಈ ಸುದ್ದಿಯನ್ನು ಸಕಲೇಶಪುರ, ಆಲೂರು ಕಡೆಯ ಓದುಗರು ದಾಟಿಕೊಂಡು ಹೋಗುವುದೇ ಹೆಚ್ಚು. ಕಾಫಿ ಧಾರಣೆ, ಮಳೆಯ ಏರುಪೇರು, ಆನೆ ಹಾವಳಿ, ಶಿರಾಡಿ ಘಾಟಿಯ ರಸ್ತೆ, ಇಷ್ಟೆಲ್ಲ ತಲೆಬಿಸಿಯ ನಡುವೆ ದೆಹಲಿಯ ಯಾವುದೋ ರಾಯಭಾರ ಕಚೇರಿಯ ಸುದ್ದಿ ನಮಗೇಕೆ ಎನಿಸುವುದು ಸಹಜ.

ಆದರೆ ಆ ಸುದ್ದಿ ನಮಗೇ ಸೇರಿದ್ದು. ಅದು ಬಂದ ಕೆಲವೇ ವಾರಗಳಲ್ಲಿ ಬೆಂಗಳೂರಿನ ಕಾನ್ಸುಲೇಟ್ ಬಾಗಿಲು ಮುಚ್ಚಬಹುದು. ಹೆತ್ತೂರಿನ ತಾಯಿಯೊಬ್ಬರು ಮಗಳ ಬಾಣಂತನಕ್ಕೆ ಹೊರಡಲಾಗದೆ ಮನೆಯಲ್ಲೇ ಉಳಿಯಬಹುದು. ಪಾಳ್ಯ ಹೋಬಳಿಯ ತೋಟವೊಂದರ ಪಾಲುಪಟ್ಟಿ ಹೊರದೇಶದಲ್ಲಿರುವ ತಮ್ಮನ ಒಂದು ಸಹಿಗಾಗಿ ವರ್ಷಗಟ್ಟಲೆ ಕಾಯಬಹುದು. ಲೈನ್‌ಮನೆಯ ಕೂಲಿಯವನು ತಾನು ಯಾವ ದೇಶದವನೆಂದು ರುಜುವಾತು ಮಾಡಬೇಕಾಗಿ ಬರಬಹುದು. ಈಗ ವಾತಾವರಣ ಒಂದಿಷ್ಟು ತಿಳಿಯಾಗಿದೆ. ಸಿದ್ಧತೆಗೆ ಇದೇ ಕಾಲ ಎಂಬುದನ್ನು ಈ ಮಲೆನಾಡಿನ ಮನೆಗಳಿಗೆ, ಬೆಳೆಗಾರರ ಸಂಘಗಳಿಗೆ, ಜಿಲ್ಲಾಡಳಿತಕ್ಕೆ ಮತ್ತು ರಾಜ್ಯ ಸರ್ಕಾರಕ್ಕೆ ಒತ್ತಿ ಹೇಳಬೇಕಾಗಿದೆ.

ಕೆನಡಾ ಕಲಿಸಿದ ಪಾಠ

2023ರ ಸೆಪ್ಟೆಂಬರ್ 18ರಂದು ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಅಲ್ಲಿನ ಸಂಸತ್ತಿನಲ್ಲಿ ಒಂದು ಆರೋಪ ಮಾಡಿದರು. ಖಾಲಿಸ್ತಾನ ಪರ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಹತ್ಯೆಗೂ ಭಾರತ ಸರ್ಕಾರದ ಏಜೆಂಟರಿಗೂ ನಂಟಿರುವ ಬಗ್ಗೆ ನಂಬಲರ್ಹ ಆರೋಪಗಳಿವೆ ಎಂಬುದು ಅವರ ಮಾತಿನ ಸಾರ. ಭಾರತ ಅದನ್ನು ಸಾರಾಸಗಟಾಗಿ ತಳ್ಳಿಹಾಕಿತು. ಅಂದೇ ಕೆನಡಾ ಭಾರತದ ಒಬ್ಬ ರಾಜತಾಂತ್ರಿಕರನ್ನು ಹೊರಹಾಕಿತು. ಮರುದಿನವೇ ಭಾರತ ಕೆನಡಾದ ಒಬ್ಬ ಹಿರಿಯ ರಾಜತಾಂತ್ರಿಕರಿಗೆ ದೇಶ ಬಿಡಲು ಐದು ದಿನಗಳ ಗಡುವು ಕೊಟ್ಟಿತು. ಸೆಪ್ಟೆಂಬರ್ 21ಕ್ಕೆ ಕೆನಡಾ ಪ್ರಜೆಗಳಿಗೆ ಭಾರತದ ವೀಸಾ ಸೇವೆ ಸ್ಥಗಿತಗೊಂಡಿತು. ಮೊದಲ ಆರೋಪದಿಂದ ಸಾಮಾನ್ಯ ಜನರ ವೀಸಾವರೆಗೆ ವಿಷಯ ತಲುಪಲು ಹಿಡಿದದ್ದು ಮೂರೇ ದಿನ.

ಅಲ್ಲಿಗೂ ನಿಲ್ಲಲಿಲ್ಲ. ಒಟ್ಟಾವದಲ್ಲಿ ಭಾರತದ ರಾಜತಾಂತ್ರಿಕರು ಎಷ್ಟು ಮಂದಿಯೋ ದೆಹಲಿಯಲ್ಲೂ ಕೆನಡಾದವರು ಅಷ್ಟೇ ಇರಲಿ ಎಂದು ಭಾರತ ಪಟ್ಟು ಹಿಡಿಯಿತು. ಅಕ್ಟೋಬರ್ 19ರಂದು ಕೆನಡಾದ ವಿದೇಶಾಂಗ ಸಚಿವೆ ಮೆಲಾನಿ ಜೋಲಿ ತಮ್ಮ 41 ರಾಜತಾಂತ್ರಿಕರು ಮತ್ತು ಅವರ 42 ಅವಲಂಬಿತರನ್ನು ಭಾರತದಿಂದ ವಾಪಸ್ ಕರೆಸಿಕೊಂಡಿರುವುದಾಗಿ ಪ್ರಕಟಿಸಿದರು. ಬೆಂಗಳೂರು, ಮುಂಬೈ, ಚಂಡೀಗಢದ ಕೆನಡಾ ಕಾನ್ಸುಲೇಟ್‌ಗಳಲ್ಲಿ ಜನರು ಖುದ್ದಾಗಿ ಹೋಗಿ ಪಡೆಯುವ ಸೇವೆಗಳೆಲ್ಲ ನಿಂತವು. ಕೆನಡಾದ ವಲಸೆ ಇಲಾಖೆಗೆ ಭಾರತದಲ್ಲಿ 27 ಸಿಬ್ಬಂದಿ ಇದ್ದರು, ಅದು ಐದಕ್ಕೆ ಇಳಿಯಿತು. ಡಿಸೆಂಬರ್ ಕೊನೆಯ ಹೊತ್ತಿಗೆ ಸುಮಾರು 17,500 ಅರ್ಜಿಗಳ ತೀರ್ಮಾನ ತಡವಾಗಲಿದೆ ಎಂದು ಆ ಇಲಾಖೆಯೇ ಹೇಳಿಕೊಂಡಿತು.

ಅಂಕಿಅಂಶ ಇನ್ನೂ ಒಂದು ಕಥೆ ಹೇಳುತ್ತದೆ. 2023ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಭಾರತದ ವಿದ್ಯಾರ್ಥಿಗಳಿಗೆ ಕೆನಡಾ ಕೊಟ್ಟ ಅಧ್ಯಯನ ಪರವಾನಗಿಗಳು 1,08,940. ಮುಂದಿನ ಮೂರು ತಿಂಗಳಲ್ಲಿ ಅದು 14,910. ಇಷ್ಟೂ ಇಳಿಕೆಯನ್ನು ರಾಜತಾಂತ್ರಿಕ ಜಗಳದ ತಲೆಗೆ ಕಟ್ಟಲಾಗದು. ಸೆಪ್ಟೆಂಬರ್ ಅಲ್ಲಿ ಪ್ರವೇಶದ ಹಂಗಾಮು, ಅದು ಮುಗಿದ ಮೇಲೆ ಸಂಖ್ಯೆ ಇಳಿಯುವುದು ರೂಢಿ. ಆದರೂ ಪರವಾನಗಿ ನೋಡುವ ಸಿಬ್ಬಂದಿ ಕಡಿಮೆಯಾದದ್ದು ಮತ್ತು ಅರ್ಜಿ ಹಾಕಲು ಮಕ್ಕಳು ಹಿಂಜರಿದದ್ದು ಇಳಿಕೆಗೆ ಕಾರಣವೆಂದು ಅಲ್ಲಿನ ವಲಸೆ ಸಚಿವ ಮಾರ್ಕ್ ಮಿಲ್ಲರ್ ಒಪ್ಪಿಕೊಂಡರು. 2024ರ ಜನವರಿಯಲ್ಲಿ ಕೆನಡಾ ತನ್ನದೇ ಕಾರಣಗಳಿಗಾಗಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಒಂದರ ಮೇಲೊಂದು ಬಂದ ಈ ಎರಡು ಏಟುಗಳಿಗೆ ಸಿಕ್ಕವರು ಸಾಲ ಮಾಡಿ ಶುಲ್ಕ ಕಟ್ಟಿದ್ದ ಮನೆಗಳವರು.

ಗಾಯ ಮಾಯುವ ಮೊದಲೇ ಮತ್ತೆ ಕೆದಕಿದಂತಾಯಿತು. 2024ರ ಅಕ್ಟೋಬರ್ 14ರಂದು ಎರಡೂ ದೇಶಗಳು ತಲಾ ಆರು ರಾಜತಾಂತ್ರಿಕರನ್ನು ಹೊರಹಾಕುವ ಆದೇಶ ಹೊರಡಿಸಿದವು. ಭಾರತದ ಹೈಕಮಿಷನರ್ ಸಂಜಯ್ ಕುಮಾರ್ ವರ್ಮಾ ಮನೆಗೆ ಮರಳಿದರು. ನವೆಂಬರ್‌ನಲ್ಲಿ ಬ್ರಾಂಪ್ಟನ್‌ನ ಹಿಂದೂ ದೇವಸ್ಥಾನದ ಬಳಿ ಗಲಭೆಯಾಯಿತು. ಸಾಕಷ್ಟು ಭದ್ರತೆ ಸಿಗುತ್ತಿಲ್ಲವೆಂದು ಟೊರಾಂಟೊದ ಭಾರತೀಯ ಕಾನ್ಸುಲೇಟ್ ತನ್ನ ಕೆಲವು ಶಿಬಿರಗಳನ್ನು ರದ್ದು ಮಾಡಿತು. ಮಕ್ಕಳ ಮನೆಯಲ್ಲಿರುವ ನಿವೃತ್ತ ಮೇಷ್ಟ್ರುಗಳು, ಬ್ಯಾಂಕ್ ನೌಕರರು, ಸೈನಿಕರು ನವೆಂಬರ್‌ನಲ್ಲಿ ತಮ್ಮ ಪಿಂಚಣಿಗಾಗಿ ಜೀವಂತ ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಇಂಥ ಶಿಬಿರಗಳಲ್ಲೇ.

2025ರ ಜೂನ್‌ನಲ್ಲಿ ಕೆನಡಾದ ಕನನಾಸ್ಕಿಸ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಮತ್ತು ಕೆನಡಾದ ಹೊಸ ಪ್ರಧಾನಿ ಮಾರ್ಕ್ ಕಾರ್ನಿ ಭೇಟಿಯಾಗಿ ಹೈಕಮಿಷನರ್‌ಗಳನ್ನು ಮತ್ತೆ ನೇಮಿಸಲು ಒಪ್ಪಿದರು. ಆಗಸ್ಟ್‌ನಲ್ಲಿ ದಿನೇಶ್ ಪಟ್ನಾಯಕ್ ಹಾಗೂ ಕ್ರಿಸ್ಟೋಫರ್ ಕೂಟರ್ ಅವರ ಹೆಸರುಗಳು ಪ್ರಕಟವಾದವು. ಕೆಡಲು ಮೂರು ದಿನ ಸಾಕಾಯಿತು, ಸರಿಪಡಿಸಲು ಹೊರಡುವುದಕ್ಕೇ ಎರಡು ವರ್ಷ ಬೇಕಾಯಿತು. ಮಲೆನಾಡಿನ ಮನೆಗಳು ನೆನಪಿನಲ್ಲಿಡಬೇಕಾದ ಲೆಕ್ಕ ಇದು.

ಹಳೆಯ ಹೆಜ್ಜೆಗಳು

ಇದು ಒಂದೇ ದೇಶದ ಜತೆಗಿನ ಅಪರೂಪದ ಪ್ರಸಂಗವಲ್ಲ. 2001ರ ಡಿಸೆಂಬರ್‌ನಲ್ಲಿ ಸಂಸತ್ ಭವನದ ಮೇಲೆ ದಾಳಿಯಾದಾಗ ಭಾರತ ಇಸ್ಲಾಮಾಬಾದ್‌ನಿಂದ ತನ್ನ ಹೈಕಮಿಷನರನ್ನು ಕರೆಸಿಕೊಂಡಿತು. ಎರಡೂ ಕಡೆಯ ಕಚೇರಿಗಳ ಸಿಬ್ಬಂದಿ ಅರ್ಧಕ್ಕಿಳಿಯಿತು, ದೆಹಲಿಯಲ್ಲಿದ್ದ ಪಾಕಿಸ್ತಾನಿ ಅಧಿಕಾರಿಗಳ ಓಡಾಟ ನಗರದ ಎಲ್ಲೆಗೆ ಸೀಮಿತವಾಯಿತು, ಪಾಕಿಸ್ತಾನವೂ ಅದೇ ರೀತಿ ಉತ್ತರ ಕೊಟ್ಟಿತು. ಅದರ ಬೆನ್ನಲ್ಲೇ ಸಂಝೋತಾ ರೈಲು ನಿಂತಿತು, ದೆಹಲಿ–ಲಾಹೋರ್ ಬಸ್ಸು ನಿಂತಿತು. ಬಸ್ಸು ಮತ್ತೆ ಹೊರಟಿದ್ದು 2003ರ ಜುಲೈನಲ್ಲಿ. 2020ರ ಜೂನ್‌ನಲ್ಲಿ ಬೇಹುಗಾರಿಕೆಯ ಆರೋಪದ ನಡುವೆ ಪಾಕಿಸ್ತಾನದ ಸಿಬ್ಬಂದಿಯನ್ನು ಮತ್ತೆ ಅರ್ಧಕ್ಕೆ ಇಳಿಸಲಾಯಿತು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು ಪ್ರವಾಸಿಗರನ್ನು ಕೊಂದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಮರುದಿನವೇ ಪಾಕಿಸ್ತಾನ ಹೈಕಮಿಷನ್‌ನ ಸಿಬ್ಬಂದಿಯನ್ನು 55ರಿಂದ 30ಕ್ಕೆ ಇಳಿಸುವ ತೀರ್ಮಾನವಾಯಿತು, ರಕ್ಷಣಾ ಸಲಹೆಗಾರರನ್ನು ಹೊರಹಾಕಲಾಯಿತು, ಅಟ್ಟಾರಿ ಗಡಿ ಮುಚ್ಚಿತು. ಪಾಕಿಸ್ತಾನಿಗಳ ಸಾಮಾನ್ಯ ವೀಸಾಗಳು ಏಪ್ರಿಲ್ 27ರಿಂದ ರದ್ದಾದವು. ಚಿಕಿತ್ಸೆಗೆ ಬಂದವರಿಗೆ ಸಿಕ್ಕ ಹೆಚ್ಚುವರಿ ಕಾಲ ಎರಡೇ ದಿನ. ಕರಾಚಿಯೊಂದಿಗೆ ಮದುವೆಯ ನಂಟಿರುವ ಭಟ್ಕಳದ ಕುಟುಂಬಗಳಿಗೆ ಅದರ ಬಿಸಿ ತಟ್ಟಿತು. ಅಂಥ ಹತ್ಯಾಕಾಂಡದ ನಂತರ ದೇಶ ಕಠಿಣ ಹೆಜ್ಜೆ ಇಡಬೇಕಾದದ್ದು ನ್ಯಾಯವೇ. ಆದರೆ ಹೆಜ್ಜೆಗಳ ಕ್ರಮ ಗಮನಿಸಿ: ಮೊದಲು ರಾಯಭಾರ ಕಚೇರಿ, ಆಮೇಲೆ ಗಡಿ, ಕೊನೆಗೆ ಮನೆ.

ಎಲ್ಲ ಮುನಿಸೂ ಮನೆಯವರೆಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತದ ಉಪ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಾಗಡೆ ಅವರನ್ನು ಬಂಧಿಸಿದಾಗ ಭಾರತ ಅಮೆರಿಕದ ಅಧಿಕಾರಿಗಳ ಗುರುತಿನ ಚೀಟಿ, ವಿಮಾನ ನಿಲ್ದಾಣದ ಪಾಸುಗಳನ್ನು ವಾಪಸ್ ಪಡೆಯಿತು. ದೆಹಲಿಯ ಅಮೆರಿಕ ರಾಯಭಾರ ಕಚೇರಿಯ ಮುಂದಿನ ತಡೆಗೋಡೆಗಳು ಹೋದವು. ಜನವರಿಯಲ್ಲಿ ಒಬ್ಬ ಅಮೆರಿಕನ್ ಅಧಿಕಾರಿಯೂ ಹೊರಟರು. ಆದರೂ ಸಾಮಾನ್ಯರ ವೀಸಾ ಕೆಲಸ ನಿಲ್ಲಲಿಲ್ಲ. ಜಗಳವನ್ನು ಅಧಿಕಾರಿಗಳ ಸೌಲಭ್ಯಗಳಿಗಷ್ಟೇ ಸೀಮಿತವಾಗಿಡಲು ಎರಡೂ ಸರ್ಕಾರಗಳಿಗೆ ಸಾಧ್ಯವಾಯಿತು. ಮನಸ್ಸು ಮಾಡಿದರೆ ಇದು ಆಗುವ ಮಾತು.

ಅಂತರರಾಷ್ಟ್ರೀಯ ಕಾನೂನೂ ಇಂಥ ಸೇಡಿಗೆ ಒಂದು ಚೌಕಟ್ಟು ಹಾಕಿದೆ. 1961ರ ವಿಯೆನ್ನಾ ಒಪ್ಪಂದದ 9ನೇ ವಿಧಿಯಂತೆ ಯಾವ ದೇಶವೂ ಕಾರಣ ಕೊಡದೆಯೇ ಒಬ್ಬ ರಾಜತಾಂತ್ರಿಕರನ್ನು ಬೇಡವೆನ್ನಬಹುದು. 11ನೇ ವಿಧಿ ಕಚೇರಿಯ ಗಾತ್ರ ಎಷ್ಟಿರಬೇಕೆಂಬುದರ ಮೇಲೆ ಹಿಡಿತ ಕೊಡುತ್ತದೆ, 2023ರಲ್ಲಿ ಭಾರತ ಆಧಾರವಾಗಿ ಹಿಡಿದದ್ದು ಇದನ್ನೇ. ರಾಷ್ಟ್ರೀಯ ಭದ್ರತೆಗಾಗಿ ನಿರ್ಬಂಧಿಸಿದ ಪ್ರದೇಶಗಳನ್ನು ಬಿಟ್ಟು ಉಳಿದೆಡೆ ಓಡಾಡುವ ಸ್ವಾತಂತ್ರ್ಯವನ್ನು 26ನೇ ವಿಧಿ ಕೊಡುತ್ತದೆ. ನಮ್ಮವರಿಗೆ ಅಲ್ಲಿ ಬಿಗಿ ಮಾಡಿದರೆ ಇಲ್ಲಿ ಅವರಿಗೂ ಅಷ್ಟೇ ಬಿಗಿ ಮಾಡುವುದು ತಾರತಮ್ಯವಲ್ಲ ಎಂದು 47ನೇ ವಿಧಿ ಹೇಳುತ್ತದೆ. ಕಾನೂನು ಇಷ್ಟೆಲ್ಲ ಹೇಳುವುದು ಅಧಿಕಾರಿಗಳ ಬಗ್ಗೆ. ಅವರು ನಡೆಸುವ ಕೌಂಟರಿನ ಮುಂದೆ ಸಾಲು ನಿಂತವರಿಗೆ ಅದರಲ್ಲಿ ಯಾವ ರಕ್ಷಣೆಯೂ ಇಲ್ಲ. ಅವರನ್ನು ಕಾಪಾಡುವ ಹೊಣೆ ಆಯಾ ಸರ್ಕಾರಗಳದ್ದೇ.

ನಮ್ಮ ಮನೆ, ನಮ್ಮ ಜಮೀನು

ಸಕಲೇಶಪುರ, ಆಲೂರು ತಾಲ್ಲೂಕುಗಳ ಮನೆಗಳು ಕಳೆದ ಎರಡು ಮೂರು ದಶಕಗಳಲ್ಲಿ ಬದಲಾಗಿವೆ. ಹತ್ತಿಪ್ಪತ್ತು ಎಕರೆ ತೋಟದ ಮನೆಯಲ್ಲಿ ಒಬ್ಬ ಮಗ ತೋಟ ನೋಡಿಕೊಂಡರೆ, ಇನ್ನೊಬ್ಬ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ ಇರುವುದು ಈಗ ವಿಶೇಷವಲ್ಲ. ಬ್ಯಾಂಕಿನಲ್ಲಿ ತೋಟ ಅಡವಿಟ್ಟು ಮಕ್ಕಳನ್ನು ಓದಲು ಕಳಿಸಿದವರಿದ್ದಾರೆ. ಆ ಮಕ್ಕಳು ಅಲ್ಲೇ ನೆಲೆ ನಿಂತಿದ್ದಾರೆ. ಅಮೆರಿಕದ ವೀಸಾ ಸಂದರ್ಶನಕ್ಕೆ ನಮ್ಮವರು ಚೆನ್ನೈಯಂಥ ದೂರದ ಊರಿಗೆ ಓಡುತ್ತಾ ಬಂದಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಕೆಲಸ ಕೂಡಲೇ ಅಲ್ಲಿಗೆ ಬರಲಿಲ್ಲ. ಒಂದೆರಡು ಊರುಗಳ ಒಂದೆರಡು ಕಚೇರಿಗಳ ಮೇಲೆ ಇಡೀ ಮಲೆನಾಡಿನ ಓಡಾಟ ನಿಂತಿದೆ.

ಬಾಣಂತನದ ಮಾತನ್ನೇ ತೆಗೆದುಕೊಳ್ಳೋಣ. ಮಗಳಿಗೆ ದಿನ ತುಂಬುವ ಹೊತ್ತಿಗೆ ತಾಯಿ ಪಕ್ಕದಲ್ಲಿರಬೇಕು ಎಂಬುದು ನಮ್ಮಲ್ಲಿ ಬಿಡಲಾಗದ ಕಟ್ಟಳೆ. ಗರ್ಭ ನಿಂತದ್ದು ಖಚಿತವಾಗಿ, ಮನೆಯಲ್ಲಿ ಮಾತಾಗಿ, ಪಾಸ್‌ಪೋರ್ಟ್ ನವೀಕರಿಸಿ, ಕಾಗದ ಜೋಡಿಸಿ ಅರ್ಜಿ ಹಾಕುವಷ್ಟರಲ್ಲಿ ನಾಲ್ಕೈದು ತಿಂಗಳು ಕಳೆದಿರುತ್ತದೆ. ಅಷ್ಟರಲ್ಲಿ ಎರಡು ಸರ್ಕಾರಗಳು ಮುನಿಸಿಕೊಂಡು, ಅರ್ಜಿ ನೋಡುವ ಸಿಬ್ಬಂದಿ ಐದನೇ ಒಂದಕ್ಕಿಂತ ಕಡಿಮೆಯಾದರೆ ಕಾಯಲು ಸಮಯವೆಲ್ಲಿದೆ? ವೀಸಾ ಬರಬಹುದು, ಆದರೆ ಮಗು ಹುಟ್ಟುವುದು ವೀಸಾಕ್ಕಾಗಿ ನಿಲ್ಲುವುದಿಲ್ಲ. ಸಾವಿಗೂ ಇದೇ ಮಾತು. ಕೆನಡಾದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಮಾಡಿಸಿಕೊಳ್ಳದ ಮಕ್ಕಳಿಗೆ 2023ರ ಸೆಪ್ಟೆಂಬರ್ 21ರ ನಂತರ ತವರಿಗೆ ಬರುವ ಸಾಮಾನ್ಯ ದಾರಿ ಮುಚ್ಚಿತು. ಅಕ್ಟೋಬರ್ 26ರಿಂದ ಕೆಲವು ಬಗೆಯ ವೀಸಾಗಳು, ನವೆಂಬರ್ 22ರಿಂದ ಇ–ವೀಸಾ ಮತ್ತೆ ಶುರುವಾದವು. ಕಾರ್ಡ್ ಇದ್ದವರಿಗೆ ಈ ತೊಂದರೆ ಇರಲಿಲ್ಲ. ಒಂದು ಸಣ್ಣ ಕಾರ್ಡು ಇತ್ತೇ ಇಲ್ಲವೇ ಎಂಬುದು, ಅಪ್ಪನ ಕಾರ್ಯಕ್ಕೆ ಮಗ ಬರುತ್ತಾನೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಸ್ಥಿತಿ ಅದು.

ಜಮೀನಿನ ಕಾಗದದ ಕಥೆ ಇನ್ನೂ ತೊಡಕಿನದು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಪಹಣಿಯಲ್ಲಿ ಮೂವರು ಮಕ್ಕಳ ಹೆಸರು ಜಂಟಿಯಾಗಿ ಕೂರುತ್ತದೆ. ತೋಟ ಭಾಗ ಮಾಡಬೇಕು, ಒಂದು ಪಾಲು ಮಾರಬೇಕು ಅಥವಾ ಬ್ಯಾಂಕಿನಲ್ಲಿ ಸಾಲ ನವೀಕರಿಸಬೇಕು ಎಂದರೆ ಹೊರದೇಶದಲ್ಲಿರುವವರು ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದು ಕಳಿಸಬೇಕು. 1908ರ ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಅಂಥ ಪತ್ರವನ್ನು ಅಲ್ಲಿನ ನೋಟರಿಯ ಮುಂದೆಯೂ ಮಾಡಬಹುದು, ಭಾರತದ ಕಾನ್ಸುಲ್ ಮುಂದೆಯೂ ಮಾಡಬಹುದು. ಆದರೆ ಕಾನ್ಸುಲೇಟಿನ ಮುದ್ರೆ ಇದ್ದರೆ ಇಲ್ಲಿ ಪ್ರಶ್ನೆ ಏಳುವುದಿಲ್ಲ ಎಂದು ಎಲ್ಲರೂ ಅದನ್ನೇ ಕೇಳುತ್ತಾರೆ. ಕಾಗದ ಭಾರತಕ್ಕೆ ಬಂದು ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಅಲ್ಲಿ ಕಾನ್ಸುಲೇಟಿನ ಸಿಬ್ಬಂದಿ ಕಡಿಮೆಯಾದರೆ ಅಥವಾ ಶಿಬಿರ ರದ್ದಾದರೆ, ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ. ಇಲ್ಲಿ ತೋಟದಲ್ಲಿರುವ ಅಣ್ಣ ಸಾಲದ ಬಡ್ಡಿ ಕಟ್ಟುತ್ತಾ ಕಾಯುತ್ತಾನೆ.

ಇದಕ್ಕೆ ಈಗ ಒಂದು ಬೇರೆ ದಾರಿ ಇದೆ. ಒಂದು ದೇಶದ ದಾಖಲೆಯನ್ನು ಅಲ್ಲಿನ ಅಧಿಕೃತ ಕಚೇರಿಯೇ ದೃಢೀಕರಿಸಿದರೆ ಸಾಕು, ಇನ್ನೊಂದು ದೇಶದ ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ ಎನ್ನುವ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಕೆನಡಾ 2024ರ ಜನವರಿ 11ರಿಂದ ಸೇರಿದೆ. ಅಂದರೆ ಅಲ್ಲಿನ ನೋಟರಿಯ ಮುಂದೆ ಸಹಿ ಹಾಕಿ, ಅಲ್ಲಿನ ಸರ್ಕಾರದಿಂದಲೇ ಅಪೊಸ್ಟಿಲ್ ಪಡೆದು ಕಳಿಸಬಹುದು. ರಾಜತಾಂತ್ರಿಕರ ಜಗಳ ಈ ದಾರಿಯನ್ನು ಮುಟ್ಟುವುದಿಲ್ಲ. ಈ ವಿಷಯ ಊರಿನ ಮನೆಗಳಿಗೆ, ದಸ್ತಾವೇಜು ಬರಹಗಾರರಿಗೆ, ಬ್ಯಾಂಕಿನ ಶಾಖೆಗಳಿಗೆ ತಲುಪಬೇಕು.

ಕಾಫಿ ಕಣ ಮತ್ತು ಲೈನ್‌ಮನೆ

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆಗಳಲ್ಲಿ. ಬೆಳೆದದ್ದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ದೇಶಗಳ ಸ್ನೇಹ ಮುರಿದರೆ ಏನಾಗುತ್ತದೆ ಎಂಬುದು ಹಿರಿಯ ಬೆಳೆಗಾರರಿಗೆ ಗೊತ್ತು. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯ ಕಾಲದಲ್ಲಿ ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿತ್ತು. 1991ರಲ್ಲಿ ಆ ದೇಶವೇ ಇಲ್ಲವಾದಾಗ ನಮ್ಮ ಕಣದವರೆಗೂ ಅದರ ಅಲುಗಾಟ ಬಂತು. ಇಂದು ವ್ಯಾಪಾರದ ರೀತಿ ಬೇರೆ. ವಿಶೇಷ ಕಾಫಿ ಮಾಡುವ ತೋಟಗಳಿಗೆ ಹೊರಗಿನ ಖರೀದಿದಾರರು, ಪ್ರಮಾಣೀಕರಣ ಸಂಸ್ಥೆಗಳ ತಪಾಸಕರು ಖುದ್ದಾಗಿ ಬಂದು ಪಲ್ಪರ್, ಒಣಗಿಸುವ ಕಣ, ಗೋದಾಮು ನೋಡಿ, ಕಾಫಿ ರುಚಿ ನೋಡಿ ಬೆಲೆ ಕಟ್ಟುತ್ತಾರೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೆ. 2023ರಲ್ಲಿ ಕೆನಡಾದವರಿಗೆ ಇ–ವೀಸಾ ಇಲ್ಲದಿದ್ದ ಎರಡು ತಿಂಗಳು ಕೊಯ್ಲಿನ ಬಾಗಿಲಿಗೇ ಬಂದು ನಿಂತಿತ್ತು. ನಾಳೆ ಇದೇ ಮುನಿಸು ನಮ್ಮ ಕಾಫಿಯ ಮೊದಲ ಗಿರಾಕಿಯಾದ ಇಟಲಿಯಂಥ ದೇಶದ ಜತೆ ಬಂದರೆ ಎಂದು ಬೆಳೆಗಾರರು ಯೋಚಿಸಿಟ್ಟುಕೊಳ್ಳಬೇಕು.

ಇನ್ನು ಲೈನ್‌ಮನೆ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರಿಲ್ಲದೆ ಇಂದು ಇಲ್ಲಿ ಕೊಯ್ಲು ನಡೆಯುವುದಿಲ್ಲ. 2024ರ ಆಗಸ್ಟ್ 5ರಂದು ಆಗಿನ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟ ಮೇಲೆ ಬಾಂಗ್ಲಾದೇಶದ ಜತೆಗಿನ ಸಂಬಂಧ ಹದಗೆಟ್ಟಿತು. ಭಾರತ ಅಲ್ಲಿನ ವೀಸಾ ಕೆಲಸವನ್ನು ಬಹುಮಟ್ಟಿಗೆ ಚಿಕಿತ್ಸೆ ಮತ್ತು ತುರ್ತಿಗೆ ಸೀಮಿತಗೊಳಿಸಿತು. ಡಿಸೆಂಬರ್ 2ರಂದು ಅಗರ್ತಲಾದಲ್ಲಿ ಬಾಂಗ್ಲಾದೇಶದ ಸಹಾಯಕ ಹೈಕಮಿಷನ್ ಆವರಣಕ್ಕೆ ಉದ್ರಿಕ್ತರು ನುಗ್ಗಿದರು, ಆ ದೇಶ ಅಲ್ಲಿನ ಸೇವೆ ನಿಲ್ಲಿಸಿತು. ಸಂಬಂಧ ಹೀಗಾದಾಗ ಬಂಗಾಳಿ ಮಾತಾಡುವ ಪ್ರತಿಯೊಬ್ಬ ಕೂಲಿಯವನ ಮೇಲೂ ಅನುಮಾನದ ಕಣ್ಣು ಬೀಳುತ್ತದೆ. ಒಬ್ಬ ವ್ಯಕ್ತಿ ಬಾಂಗ್ಲಾದೇಶದವನೇ ಅಲ್ಲವೇ ಎಂದು ಅಧಿಕೃತವಾಗಿ ಖಚಿತಪಡಿಸಬೇಕಾದದ್ದು ಆ ದೇಶದ ರಾಯಭಾರ ಕಚೇರಿಯ ಮೂಲಕ. ಕಚೇರಿಯ ಕೈ ಕಟ್ಟಿದರೆ ಅಕ್ರಮವಾಗಿ ಬಂದವನನ್ನು ಕ್ರಮಬದ್ಧವಾಗಿ ಕಳಿಸುವುದೂ ಕಷ್ಟ, ನಮ್ಮದೇ ಪ್ರಜೆಯನ್ನು ಸಂಶಯದಿಂದ ಬಿಡಿಸುವುದೂ ಕಷ್ಟ. 2025ರಲ್ಲಿ ಪಶ್ಚಿಮ ಬಂಗಾಳದ ಕೆಲವು ಭಾರತೀಯರನ್ನೇ ಗಡಿಯಾಚೆಗೆ ತಳ್ಳಿ, ಬಳಿಕ ವಾಪಸ್ ಕರೆತರಬೇಕಾಗಿ ಬಂದ ಪ್ರಕರಣಗಳು ನಮ್ಮ ಕಣ್ಣ ಮುಂದಿವೆ. ಅಂಥ ಅನ್ಯಾಯ ಹಾನಬಾಳು, ಯಸಳೂರು, ಕೆಂಚಮ್ಮನ ಹೊಸಕೋಟೆಯ ಯಾವ ಲೈನ್‌ಮನೆಯಲ್ಲೂ ನಡೆಯಬಾರದು.

ಸೂಚನೆಗಳನ್ನು ಓದುವುದು ಹೇಗೆ?

ಮುನ್ನೆಚ್ಚರಿಕೆಯ ಬೆಲೆಯನ್ನು ಈ ಭಾಗದ ಜನಕ್ಕೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಕಾಡಾನೆ ಹಿಂಡು ಯಾವ ಕಡೆ ಇದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಬರುವ ಸಂದೇಶ, ರಸ್ತೆ ಬದಿಯ ಎಲ್‌ಇಡಿ ಫಲಕ ನೋಡಿಕೊಂಡು ಆಳುಗಳನ್ನು ಕೆಲಸಕ್ಕೆ ಬಿಡುವುದು ಇಲ್ಲಿ ದಿನದ ರೂಢಿಯಾಗಿದೆ. ಆನೆ ಅಂಗಳಕ್ಕೆ ಬಂದ ಮೇಲೆ ಬರುವ ಸಂದೇಶದಿಂದ ಪ್ರಯೋಜನವಿಲ್ಲ. ರಾಜತಾಂತ್ರಿಕ ಮುನಿಸಿನ ವಿಷಯದಲ್ಲೂ ನಮಗೆ ಅಂಥದ್ದೇ ಸಮಯಪ್ರಜ್ಞೆ ಬೇಕು.

ಒಂದು ದೇಶದ ರಾಯಭಾರಿಯನ್ನು ಕರೆಸಿ ಪ್ರತಿಭಟನೆ ಸಲ್ಲಿಸಿದ್ದು ಬರೀ ಸುದ್ದಿ, ಅದಕ್ಕೆ ಗಾಬರಿ ಬೇಡ. ಅಧಿಕಾರಿಗಳು ಊರು ಬಿಟ್ಟು ಹೋಗಲು ಮೊದಲೇ ತಿಳಿಸಬೇಕು, ಅನುಮತಿ ಪಡೆಯಬೇಕು ಎಂಬ ನಿಯಮ ಬಂದರೆ ಕಿವಿ ನಿಮಿರಬೇಕು. ಒಬ್ಬರನ್ನು ಹೊರಹಾಕಿ ಅದಕ್ಕೆ ಪ್ರತಿಯಾಗಿ ಇನ್ನೊಬ್ಬರನ್ನು ಹೊರಹಾಕಿದರೆ, ಆ ದೇಶಕ್ಕೆ ಹೋಗಬೇಕಾದವರು ಅಂದೇ ತಮ್ಮ ಕಾಗದ ತೆಗೆದು ನೋಡಬೇಕು. ಎರಡೂ ಕಡೆ ಸಿಬ್ಬಂದಿ ಸಮ ಸಂಖ್ಯೆಯಲ್ಲಿರಬೇಕು ಎಂಬ ಮಾತು ಎದ್ದರೆ ವೀಸಾ ವಿಭಾಗಕ್ಕೆ ಕತ್ತರಿ ಬೀಳುವುದು ಬಹುತೇಕ ಖಚಿತ ಎಂದು ತಿಳಿಯಬೇಕು. ಹಿಂದೆ ಎಲ್ಲವೂ ಮುಗಿದು ಹೋದ ಮೇಲೆ ನಮಗೆ ಗೊತ್ತಾಗುತ್ತಿತ್ತು. ಇನ್ನು ಮುಂದೆ ಎರಡನೇ ಮೆಟ್ಟಿಲಲ್ಲೇ ಗೊತ್ತಾಗಬೇಕು.

ಯಾರು ಏನು ಮಾಡಬೇಕು?

ಮನೆಗಳಿಂದ ಶುರು ಮಾಡೋ‍ಣ. ಹೊರದೇಶದಲ್ಲಿ ಮಕ್ಕಳಿರುವ ತಂದೆತಾಯಿಗಳ ಪಾಸ್‌ಪೋರ್ಟ್ ಸದಾ ಚಾಲ್ತಿಯಲ್ಲಿರಲಿ, ಅದಕ್ಕೆ ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವೇ ಸಾಕು. ಹಲವು ವರ್ಷ ಬಾಳುವ ಸಂದರ್ಶಕ ವೀಸಾ ಕೊಡುವ ದೇಶಗಳಿಗೆ, ಹೋಗುವ ತುರ್ತು ಬರುವ ಮೊದಲೇ ಅರ್ಜಿ ಹಾಕಿ. ಬೇರೆ ದೇಶದ ಪೌರತ್ವ ಪಡೆದ ಮಕ್ಕಳು ಒಸಿಐ ಕಾರ್ಡ್ ಮಾಡಿಸಿಕೊಳ್ಳಲು ಒಂದು ದಿನವೂ ತಡ ಮಾಡಬಾರದು. ಜಂಟಿ ಖಾತೆಯ ತೋಟವಿದ್ದರೆ, ಮಗ ಊರಿಗೆ ಬಂದಾಗಲೇ ಇಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಿಪಿಎ ನೋಂದಾಯಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಪಿಂಚಣಿದಾರರು ಮುಖ ಗುರುತಿಸಿ ಮೊಬೈಲಿನಲ್ಲೇ ಕೊಡುವ ಡಿಜಿಟಲ್ ಜೀವನ್ ಪ್ರಮಾಣ್ ತಮಗೆ ಒಗ್ಗುತ್ತದೆಯೇ ಎಂದು ಹೊರಡುವ ಮೊದಲೇ ಪರೀಕ್ಷಿಸಿಕೊಳ್ಳಲಿ. ಮಕ್ಕಳು ಅಲ್ಲಿಗೆ ಹೋದ ಕೂಡಲೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ. ತೊಂದರೆ ಬಂದಾಗ ದೂರು ಕೊಡಲು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇದೆ ಎಂಬುದನ್ನೂ ತಿಳಿದಿರಲಿ.

ಬೆಳೆಗಾರರ ಸಂಘಟನೆಗಳಿಗೆ ಇಲ್ಲಿ ದೊಡ್ಡ ಕೆಲಸವಿದೆ. ಸಕಲೇಶಪುರದಲ್ಲೇ ಬೇರು ಬಿಟ್ಟಿರುವ ಕರ್ನಾಟಕ ಬೆಳೆಗಾರರ ಒಕ್ಕೂಟ ಮತ್ತು ಹಾಸನ ಜಿಲ್ಲಾ ಪ್ಲಾಂಟರ್ಸ್ ಸಂಘ ಬೆಲೆ, ಆನೆ, ಸಾಲಗಳ ಬಗ್ಗೆ ದಶಕಗಳಿಂದ ದನಿ ಎತ್ತಿವೆ. ಕೊಯ್ಲಿಗೆ ಮುನ್ನ ಪ್ರತಿ ತೋಟದ ಕಾರ್ಮಿಕರ ಗುರುತಿನ ದಾಖಲೆ, ಊರಿನ ವಿಳಾಸ, ಮನೆಯವರ ಫೋನ್ ಸಂಖ್ಯೆ ಇರುವ ಕಡತವನ್ನು ಸಿದ್ಧವಾಗಿಡುವ ಅಭ್ಯಾಸವನ್ನು ಅವು ತರಬೇಕು. ಪೊಲೀಸರು ಬಂದ ದಿನ ತೋಟದ ರೈಟರ್ ತಡಕಾಡುವ ಸ್ಥಿತಿ ಇರಬಾರದು. ಆ ಕಡತ ಕಾರ್ಮಿಕನನ್ನು ಬೆದರಿಸಲು ಅಲ್ಲ, ಅವನ ಪರವಾಗಿ ನಿಲ್ಲಲು. ಹೊರದೇಶದ ಖರೀದಿದಾರರು ಬರಲಾಗದ ವರ್ಷ ಮಾದರಿ ಕಾಫಿ ಕಳಿಸಿ, ವಿಡಿಯೊ ಮೂಲಕ ಕಣ ತೋರಿಸಿ ವ್ಯಾಪಾರ ಕುದುರಿಸುವ ವ್ಯವಸ್ಥೆಗೆ ಕಾಫಿ ಮಂಡಳಿ ಕೈಜೋಡಿಸಲಿ.

ರಾಜ್ಯ ಸರ್ಕಾರ ನೆರೆಯ ಕೇರಳವನ್ನು ನೋಡಿ ಕಲಿಯಬೇಕು. ಹೊರದೇಶದಲ್ಲಿರುವ ತನ್ನವರಿಗಾಗಿ ಆ ರಾಜ್ಯ 1996ರಲ್ಲೇ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. ಯಾವುದೋ ದೇಶದಲ್ಲಿ ಬಿಕ್ಕಟ್ಟು ಎದ್ದ ದಿನ ಮಲಯಾಳಿ ಮನೆಗೆ ಫೋನ್ ಮಾಡಲು ಒಂದು ಸರ್ಕಾರಿ ಸಂಖ್ಯೆ ಇರುತ್ತದೆ. ಕರ್ನಾಟಕಕ್ಕೆ ಅನಿವಾಸಿ ಭಾರತೀಯ ಸಮಿತಿ ಇದೆ. ಅದರ ಕೈ ಜಿಲ್ಲೆಗಳವರೆಗೆ ಚಾಚಬೇಕು. ಹಾಸನದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಮೇಜು, ಒಬ್ಬ ಅಧಿಕಾರಿ, ಒಂದು ಫೋನ್ ಸಂಖ್ಯೆ ಇದ್ದರೆ ಸಕಲೇಶಪುರ, ಆಲೂರಿನ ಜನ ಏಜೆಂಟರ ಬಾಯಿಮಾತು ನಂಬಿ ಹಣ ಕಳೆದುಕೊಳ್ಳುವುದು ತಪ್ಪುತ್ತದೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆ ವಿದೇಶದ ನೋಟರಿ ಮತ್ತು ಅಪೊಸ್ಟಿಲ್ ಇರುವ ಜಿಪಿಎಯನ್ನು ಕಾನೂನಿನಂತೆ ಒಪ್ಪಬೇಕೆಂದು ಎಲ್ಲ ಕಚೇರಿಗಳಿಗೂ ಕನ್ನಡದಲ್ಲಿ ಸ್ಪಷ್ಟ ಸುತ್ತೋಲೆ ಕಳಿಸಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಇಚ್ಛೆ ಬೇಕು.

ಕೇಂದ್ರಕ್ಕೆ ನಮ್ಮ ಮಾತು ಇಷ್ಟು: ದೇಶದ ಘನತೆಗೆ ಧಕ್ಕೆ ಬಂದಾಗ ತಿರುಗೇಟು ಕೊಡಿ, ಬೇಹುಗಾರರನ್ನು ಹೊರಗೆ ಕಳಿಸಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಕಾನ್ಸುಲರ್ ಕೌಂಟರನ್ನು ಆ ಲೆಕ್ಕಾಚಾರದಿಂದ ಹೊರಗಿಡಿ. ಹೆರಿಗೆ, ಸಾವು, ಚಿಕಿತ್ಸೆ, ಓದು, ವೃದ್ಧಾಪ್ಯ ಈ ಐದು ಕಾರಣಗಳಿಗೆ ಎಷ್ಟೇ ಬಿಗಿಯ ಕಾಲದಲ್ಲೂ ಒಂದು ಕಿಟಕಿ ತೆರೆದಿರುವಂತೆ ಪ್ರಮುಖ ದೇಶಗಳೊಂದಿಗೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಭಾರತ ಮತ್ತು ಪಾಕಿಸ್ತಾನ 1992ರಲ್ಲೇ ರಾಜತಾಂತ್ರಿಕರನ್ನು ನಡೆಸಿಕೊಳ್ಳುವ ಬಗ್ಗೆ ನೀತಿ ಸಂಹಿತೆ ಮಾಡಿಕೊಂಡಿವೆ. 2018ರಲ್ಲಿ ಅಧಿಕಾರಿಗಳಿಗೆ ಕಿರುಕುಳ ಕೊಟ್ಟ ಜಗಳವನ್ನು ಆ ಸಂಹಿತೆಯ ಹೆಸರಿನಲ್ಲೇ ಬಗೆಹರಿಸಿಕೊಂಡವು. ಅಧಿಕಾರಿಗಳಿಗೆ ಅಂಥದ್ದೊಂದು ಕಾಗದ ಇರುವಾಗ ಅವರ ಕಚೇರಿಯ ಮುಂದೆ ನಿಂತ ಜನರಿಗೆ ಏಕಿಲ್ಲ?

ಈ ದಾರಿಯಲ್ಲಿ ಕನ್ನಡಿಗರ ಹೆಜ್ಜೆಗಳೂ ಇವೆ. ಹಾಸನ ಜಿಲ್ಲೆಯವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1997ರ ಮಾರ್ಚ್‌ನಲ್ಲಿ, ಮೂರು ವರ್ಷ ನಿಂತಿದ್ದ ಭಾರತ–ಪಾಕಿಸ್ತಾನ ವಿದೇಶಾಂಗ ಕಾರ್ಯದರ್ಶಿಗಳ ಮಾತುಕತೆ ದೆಹಲಿಯಲ್ಲಿ ಮತ್ತೆ ಶುರುವಾಯಿತು. ಮಂಡ್ಯದ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿ 2012ರ ಸೆಪ್ಟೆಂಬರ್ 8ರಂದು ಇಸ್ಲಾಮಾಬಾದ್‌ನಲ್ಲಿ 1974ರ ಹಳೆಯ ನಿಯಮಗಳ ಬದಲಿಗೆ ಹೊಸ ವೀಸಾ ಒಪ್ಪಂದಕ್ಕೆ ಸಹಿ ಹಾಕಿದರು. 65 ದಾಟಿದ ಹಿರಿಯರು ಅಟ್ಟಾರಿ ಗಡಿಗೆ ಬಂದ ಮೇಲೆಯೇ ವೀಸಾ ಪಡೆಯಬಹುದು ಎಂಬುದು ಅದರ ಹೃದಯವಾಗಿತ್ತು. ಗಡಿಯಲ್ಲಿ ನಮ್ಮ ಸೈನಿಕರ ಬರ್ಬರ ಹತ್ಯೆಯಾದ ಮೇಲೆ, 2013ರ ಜನವರಿ 15ರಂದು, ಜಾರಿಗೆ ಬರಬೇಕಿದ್ದ ದಿನವೇ ಆ ಸೌಲಭ್ಯವನ್ನು ತಡೆಹಿಡಿಯಲಾಯಿತು. ಸದ್ಭಾವನೆಯಿಂದ ಕೊಟ್ಟ ರಿಯಾಯಿತಿ ಮೊದಲ ಬಿಕ್ಕಟ್ಟಿಗೇ ಬಿದ್ದುಹೋಗುತ್ತದೆ ಎಂಬುದು ಅದರ ಪಾಠ. ಬಿಕ್ಕಟ್ಟಿನ ದಿನವೂ ತಾಳುವಂತೆ ಬರೆದ ರಕ್ಷಣೆ ಬೇಕು.

ಮುಂದಿನ ಮುನಿಸು ಯಾವ ದೇಶದ ಜತೆ, ಯಾವ ತಿಂಗಳಲ್ಲಿ ಎಂದು ಯಾರೂ ಹೇಳಲಾರರು. ಬರುತ್ತದೆ ಎಂಬುದರಲ್ಲಿ ಮಾತ್ರ ಅನುಮಾನ ಬೇಡ. ಪಂಚಾಯಿತಿ ಸದಸ್ಯರಿಂದ ಹಿಡಿದು ನಮ್ಮ ಸಂಸದರು, ಶಾಸಕರವರೆಗೆ ಈ ಭಾಗದ ಜನಪ್ರತಿನಿಧಿಗಳು ಜಿಲ್ಲಾ ಸಹಾಯ ಮೇಜು ಮತ್ತು ನೋಂದಣಿ ಸುತ್ತೋಲೆ ಎರಡನ್ನೂ ಮುಂದಿನ ಕೊಯ್ಲು ಶುರುವಾಗುವ ಮೊದಲು ತರಿಸಬೇಕು. ತರಿಸದಿದ್ದರೆ ಜನ ಅವರನ್ನು ಸಭೆಯಲ್ಲಿ ಎದ್ದು ನಿಂತು ಕೇಳಬೇಕು.